ನನ್ನ ಸ್ಟವ್ ಆರಿಸಿದವಳು

ತೊಂಬತ್ತರ ದಶಕದ ಕೊನೆಯಲ್ಲಿ ಸಿದ್ದಾಪುರದ ಹತ್ತಿರದ ಊರೊಂದಕ್ಕೆ ನಾನು ನರ್ಸಮ್ಮ. ನನ್ನ ಬಾಯಿಗೆ ಹೆದರದವರಿರಲಿಲ್ಲ. ಒಂದು ದಿನ ಕುರಿ ಕಾಯುವವರ ಮನೆಯಲ್ಲಿ ಹಾವು ಕಚ್ಚಿ ಗಂಡ ತೀರಿಕೊಂಡ. ಹೆಂಡತಿ ತುಂಬು ಬಸುರಿ. ನಾನು ಹೋದಾಗ ಆ ಪುಟ್ಟ ಮನೆಯೊಳಗೆ ಕಾಲಿಡೋಕೆ ಜಾಗವಿಲ್ಲ. ಹೆಂಗಸರು ಒಬ್ಬರಾದ ಮೇಲೊಬ್ಬರು ಅವಳನ್ನು ತಬ್ಬಿಕೊಂಡು, ಸತ್ತವನ ಗುಣ ಹೇಳಿ ಹೇಳಿ ಅಳುತ್ತಿದ್ದರು. "ಹಿಂಗೆ ಅಳಿಸಿದ್ರೆ ಬಿ.ಪಿ. ಏರ್ತೈತೆ, ಎದ್ದು ಹೋಗ್ರಿ ಎಲ್ಲ" ಅಂತ ಗದರಿ ಅಷ್ಟೂ ಜನರನ್ನು ಆಚೆ ಕಳಿಸಿದೆ. ಅವಳಿಗೆ "ಮನಸ್ಸು ಗಟ್ಟಿ ಮಾಡ್ಕೊಂಡು ಮಲಗವ್ವ" ಅಂದೆ. ಒಳ್ಳೆ ಕೆಲಸ ಮಾಡಿದೆ ಅನ್ನೋ ಜಂಬ ಬೇರೆ.

ಮುಂದಿನ ವರ್ಷ ಚಳ್ಳಕೆರೆಯಲ್ಲಿ ನನ್ನ ಅವ್ವ ಹೋದಳು. ಐದನೇ ದಿನಕ್ಕೇ ಡ್ಯೂಟಿಗೆ ಬಂದುಬಿಟ್ಟೆ. ಊರಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಬಂದು ತಬ್ಬಿಕೊಂಡು ಅಳ್ತಾರೆ, ಯಾರಿಗೆ ಬೇಕು ಅದು? ಸೀಮೆಣ್ಣೆ ಸ್ಟವ್ ಹಚ್ಚಿ ಅನ್ನಕ್ಕಿಡುತ್ತಿದ್ದೆ, ಒಂದು ತುತ್ತೂ ಇಳಿಯದೆ ನಾಯಿಗೆ ಹಾಕುತ್ತಿದ್ದೆ. ನಿದ್ದೆಯೂ ಇಲ್ಲ.

ಆ ವಾರ ಕೂಸುಗಳಿಗೆ ದಡಾರದ ಸೂಜಿ ಹಾಕಬೇಕಿತ್ತು. ಪಕ್ಕದ ಹಟ್ಟಿಯಲ್ಲಿ ಆಗಲೇ ದಡಾರ ಕಾಣಿಸಿಕೊಂಡಿತ್ತು. ಸೂಜಿಯ ದಿನ ಬೆಳಿಗ್ಗೆ ಆಸ್ಪತ್ರೆಯ ಒಳಗಿನ ಕೋಣೆಯಲ್ಲಿ ಸಿರಿಂಜು ಹಿಡಿದೆ, ಕೈ ನಡುಗಿತು. ಕೆಳಗಿಟ್ಟು ಮತ್ತೆ ಹಿಡಿದೆ. ಊಹೂಂ. ಹೊರಗೆ ಬಂದು, "ಔಷಧಿ ಬಂದಿಲ್ಲ, ಮನೆಗೆ ಹೋಗ್ರಿ" ಅಂತ ತಾಯಂದಿರಿಗೆ ಸುಳ್ಳು ಹೇಳಿದೆ. ಸೂಜಿ ಹಿಡಿಯೋಕಾಗದ ನರ್ಸು ಯಾಕಾದರೂ ಬೇಕು? ಮನೆಗೆ ಬಂದು ಸ್ಟವ್ ಹಚ್ಚಿ ಅನ್ನಕ್ಕಿಟ್ಟು, ಕೆಲಸ ಬಿಡುತ್ತೇನೆ ಅಂತ ಬರೆಯೋಕೆ ಕಾಗದ ತಗೊಂಡು ಕೂತೆ.

ಮಧ್ಯಾಹ್ನ ಆ ಕುರಿಯವರ ಹೆಂಗಸು ಬಂದಳು. ಕಂಕುಳಲ್ಲಿ ಆಗ ಹೊಟ್ಟೆಯಲ್ಲಿದ್ದ ಕೂಸು, ಕೈಯಲ್ಲಿ ಮುಚ್ಚಿದ ತಟ್ಟೆ.

"ಯಾರು ಹೋದ್ರು ನರ್ಸಮ್ಮ?"

"ಯಾರು ಹೇಳಿದ್ರು ನಿಂಗೆ?"

"ಬೆಳಿಗ್ಗೆ ಯಾರಿಗೂ ಬೈಲಿಲ್ಲ ನೀವು."

"ನಮ್ಮವ್ವ" ಅಂದೆ.

ಅವಳು ಕೂಸನ್ನು ನನ್ನ ತೊಡೆ ಮೇಲೆ ಕೂರಿಸಿ, ಉರಿಯುತ್ತಿದ್ದ ಸ್ಟವ್ ಆರಿಸಿ, ಎತ್ತಿ ಬಾಗಿಲಾಚೆ ಇಟ್ಟಳು. "ಸಾವಾದ ಮನೆಯೋರು ಒಲೆ ಹಚ್ತಾರೇನ್ರಿ? ನಾವೆಲ್ಲ ಯಾಕಿದೀವಿ?" ತಟ್ಟೆಯಲ್ಲಿ ಮುದ್ದೆ, ಹುರುಳಿ ಸಾರು ಇತ್ತು.

ನನಗೆ ನಾಚಿಕೆಯಾಯಿತು. "ಅವತ್ತು ನಿನ್ನ ಮನೆಯಿಂದ ಎಲ್ಲರನ್ನೂ ಓಡಿಸಿದೆನಲ್ಲ, ಒಬ್ಬಳೇ ಹೆಂಗಿದ್ದೆ ನೀನು?"

"ಒಬ್ಬಳೇ ಎಲ್ಲಿದ್ದೆ? ನೀವು ಬೀದಿ ದಾಟಿದ್ದೇ ತಡ, ಎಲ್ರೂ ಹಿತ್ಲ ಬಾಗ್ಲಿಂದ ಒಳಗೆ ಬಂದ್ರು. ತಿಥಿವರೆಗೂ ಹಂಗೇ. ನೀವು ನೋಡೋಕೆ ಬಂದಾಗ ಮಾತ್ರ ಮಲಗಿದಂಗೆ ಮಾಡ್ತಿದ್ದೆ."

ನಗು ತಡೆಯಲಾಗಲಿಲ್ಲ. ಸದ್ಯ, ಊರಿಗೆ ಊರೇ ನನ್ನ ಮಾತು ಕೇಳಿರಲಿಲ್ಲ! ನಗುತ್ತಾ ನಗುತ್ತಾ ಅಳು ಒತ್ತರಿಸಿ ಬಂತು. ಅವಳು ತಬ್ಬಿಕೊಂಡು, "ನಿಮ್ಮವ್ವ ಹೆಂಗಿದ್ರು, ಹೇಳ್ರಿ" ಅಂದಳು. ಹೇಳಿ ಹೇಳಿ ಅತ್ತೆ. ಆಮೇಲೆ ಮುದ್ದೆ ಪೂರ್ತಿ ಉಂಡೆ.

ನಾಲ್ಕು ಗಂಟೆಗೆ ತಾಯಂದಿರನ್ನು ವಾಪಸ್ ಕರೆಸಿ, ಬೆಳಿಗ್ಗೆ ಹೇಳಿದ್ದು ಸುಳ್ಳು ಅಂತ ಒಪ್ಪಿಕೊಂಡೆ. ಮೊದಲ ಸೂಜಿ ಅವಳ ಕೂಸಿಗೇ. ಕೈ ಅಲುಗಲಿಲ್ಲ. ತಡವಾಗಿ ಬಂದ ಒಬ್ಬಳಿಗೆ ಸರಿಯಾಗಿ ಬೈದೆ. ಬಾಗಿಲಲ್ಲಿ ನಿಂತಿದ್ದ ಇವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆಮೇಲೆ ಸಾವಾದ ಮನೆಯಿಂದ ನಾನು ಯಾರನ್ನೂ ಎಬ್ಬಿಸಿಲ್ಲ. ಮುಂದುಗಡೆ ಜಾಗವಿಲ್ಲದಿದ್ದರೆ ಸುತ್ತಿ ಹೋಗಿ, ಹಿತ್ತಲ ಬಾಗಿಲಿಂದ ಒಳಗೆ ಹೋಗುತ್ತೇನೆ.