ಆರ್‌ವಿಯಲ್ಲಿ ಹಾಲು ಉಕ್ಕಿದ ಬೆಳಿಗ್ಗೆ

ಕೋವಿಡ್ ಗಲಾಟೆ ಮುಗಿದ ಮೇಲಿನ ಎರಡನೇ ಚಳಿಗಾಲ ಅದು. ಆಗ ನಾನು ಸ್ಯಾನ್ ಹೋಸೆಯಲ್ಲಿ ಆರ್‌ವಿಗಳನ್ನು ಬಾಡಿಗೆಗೆ ಕೊಡುವ ಒಂದು ಸಣ್ಣ ಕಂಪನಿಯಲ್ಲಿ ಟ್ರಿಪ್ ಪ್ಲಾನರ್ ಆಗಿದ್ದೆ. ಆರ್‌ವಿ ಎಂದರೆ ಮಂಚ, ಒಲೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಮನೆ. ಗಿರಾಕಿಗಳು ಎಲ್ಲಿಗೆ ಹೋಗಬೇಕೆನ್ನುತ್ತಾರೋ ಅಲ್ಲಿಗೆ ದಾರಿ ಗೊತ್ತುಮಾಡುವುದು, ರಾತ್ರಿ ಗಾಡಿ ನಿಲ್ಲಿಸುವ ಕ್ಯಾಂಪ್‌ಗ್ರೌಂಡ್ ಬುಕ್ ಮಾಡುವುದು, ಹೊರಡುವ ದಿನ ಗಾಡಿಯ ಬಗ್ಗೆ ತಿಳಿಸಿ ಕೀ ಕೊಡುವುದು ನನ್ನ ಕೆಲಸ. ಇದರಲ್ಲಿ ಅರ್ಧ ಕೆಲಸ ‘ಬೇಡ’ ಅನ್ನುವುದೇ. ನನಗೆ ಮೂಗಿನ ತುದಿಯಲ್ಲೇ ಕೋಪ, ಹಾಗಾಗಿ ‘ಬೇಡ’ ಅನ್ನಲು ಕಷ್ಟವಾಗುತ್ತಿರಲಿಲ್ಲ.

ಚಳಿಗಾಲದಲ್ಲಂತೂ ಅದನ್ನು ದಿನಕ್ಕೆ ಹತ್ತು ಸಲ ಅನ್ನಬೇಕಾಗುತ್ತಿತ್ತು. ನಮ್ಮ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಹೋಸೆಯ ಸುತ್ತಮುತ್ತ, ಸ್ವೆಟರ್ ಹಾಕಿಕೊಂಡರೆ ಚಳಿಗಾಲ ಮುಗಿಯಿತು. ಆದರೆ ಸಿಯೆರಾ ಬೆಟ್ಟಗಳ ಘಾಟಿ ರಸ್ತೆಗಳನ್ನು ಹಿಮ ಬಿದ್ದ ಮೇಲೆ ಮುಚ್ಚಿಬಿಡುತ್ತಾರೆ. ಬೆಟ್ಟದ ಆಚೆ ಬದಿಗೆ ಹೋಗಬೇಕಾದರೆ ದಕ್ಷಿಣಕ್ಕೆ ಇಳಿದು, ಬೇಕರ್ಸ್‌ಫೀಲ್ಡ್ ದಾಟಿ, ಮೊಹಾವಿ ಮರುಭೂಮಿಯನ್ನು ಸುತ್ತಿ ಮತ್ತೆ ಮೇಲಕ್ಕೆ ಹತ್ತಬೇಕು. ಮರುಭೂಮಿ ಅಂದರೆ ಬಿಸಿಲು ಅಂದುಕೊಂಡು ಒಂದು ತೆಳು ಕಂಬಳಿ ಹಿಡಿದು ಹೊರಡುವವರೂ ಇದ್ದರು. ಅಲ್ಲಿ ಹೊತ್ತು ಮುಳುಗಿದರೆ ಹಲ್ಲು ಕಟಕಟ ಅನ್ನುವ ಚಳಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಅಂಥದೊಂದು ದಿನ ನಮ್ಮೂರಿನದೇ ಬಡಾವಣೆ ಬೆರ್ರಿಯೆಸಾದಿಂದ ಗಂಡ ಹೆಂಡತಿ ಬಂದರು. ಹಾಸನದ ಕಡೆಯವರು. ಗೌಡರು ಫ್ರೀಮಾಂಟಿನ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಹೆಂಡತಿ ಸುಶೀಲಮ್ಮ. ಮರಳುಗಾಡೂ ನೋಡಬೇಕು, ಹಿಮವೂ ನೋಡಬೇಕು ಅಂದರು. ಸರಿ ಎಂದು ಪೆನ್ನು ತೆಗೆದೆ. ಆಮೇಲೆ ಗೌಡರು ಮೆಲ್ಲಗೆ ವಿಷಯ ಹೇಳಿದರು. ಸುಶೀಲಮ್ಮನವರ ಕಿಡ್ನಿ ಎರಡೂ ಹೋಗಿದ್ದವು. ಪ್ರತಿ ರಾತ್ರಿ ಎಂಟು ಗಂಟೆ ಹೊತ್ತು ಮಂಚದ ಪಕ್ಕ ಒಂದು ಮೆಷೀನು ಓಡಬೇಕು. ಅದು ಹೊಟ್ಟೆಯೊಳಗೆ ದ್ರವ ತುಂಬಿಸಿ, ಕೊಳೆಯ ಸಮೇತ ಹೊರತೆಗೆಯುವ, ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್. ಸೋಂಕಿನ ಭಯಕ್ಕೆ ಹೋಟೆಲು ರೂಮು ಅವರಿಗೆ ಬೇಡ. ಮೆಷೀನು ಬಂದಾಗಿನಿಂದ ಆಯಮ್ಮ ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿರಲಿಲ್ಲ.

ನನ್ನ ಬಾಯಿಗೆ ‘ಬೇಡ’ ಬಂದೇಬಿಟ್ಟಿತ್ತು. ಸುಶೀಲಮ್ಮ ನನ್ನ ಮುಖ ನೋಡಿ, “ಮೂರು ವರ್ಷ ಆಯ್ತು ಕಣಮ್ಮಾ, ಬೇರೆ ಕಿಟಕೀಲಿ ಬೆಳಗಾಗೋದು ನೋಡಿ,” ಅಂದರು. ನಾನು ಪೆನ್ನು ಕೆಳಗಿಡಲಿಲ್ಲ.

ಅಷ್ಟು ಜಾಗ್ರತೆಯಿಂದ ನಾನು ಇನ್ನಾವ ಟ್ರಿಪ್ಪನ್ನೂ ಪ್ಲಾನ್ ಮಾಡಿದ್ದಿಲ್ಲ. ಅವರ ಕ್ಲಿನಿಕ್ಕಿನ ನರ್ಸಿನ ಜೊತೆ ಫೋನಿನಲ್ಲಿ ಮಾತಾಡಿ ಒಪ್ಪಿಗೆ ಪಡೆದೆವು. ರಾತ್ರಿ ನಿಲ್ಲುವ ಜಾಗದಲ್ಲೆಲ್ಲ ಹುಕಪ್ ಇರಲೇಬೇಕು, ಅಂದರೆ ಗಾಡಿಗೆ ಕಂಬದಿಂದ ನೇರ ಕರೆಂಟು. ಜನರೇಟರನ್ನು ರಾತ್ರಿ ಹಾಕಲು ಕ್ಯಾಂಪ್‌ಗ್ರೌಂಡಿನವರು ಬಿಡುವುದಿಲ್ಲ. ದ್ರವದ ಚೀಲಗಳು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರುವುದಿಲ್ಲ, ಆದ್ದರಿಂದ ಗಾಡಿಯ ತಳದ ಲಗೇಜ್ ಡಬ್ಬಿಯಲ್ಲಲ್ಲ, ಒಳಗೆ ಡ್ರೈವರ್ ತಲೆಯ ಮೇಲಿನ ಅಟ್ಟದಲ್ಲಿಡಬೇಕು. ಮೊದಲು ಮೊಹಾವಿ, ಆಮೇಲೆ ಡೆತ್ ವ್ಯಾಲಿ, ಕೊನೆಗೆ ಬೆಟ್ಟದ ಬುಡದ ಬಿಷಪ್ ಊರು. ಅಲ್ಲಿ ರಾತ್ರಿಯಿಡೀ ಫರ್ನೇಸ್ ಉರಿಯಬೇಕು. ಇದು ಪ್ರೊಪೇನ್ ಗ್ಯಾಸಿನಿಂದ ಗಾಡಿಯನ್ನು ಬೆಚ್ಚಗಿಡುವ ಹೀಟರ್. ಎಲ್ಲೆಲ್ಲಿ ಆಸ್ಪತ್ರೆಯಿದೆ ಎಂಬುದನ್ನೂ ಮ್ಯಾಪಿನಲ್ಲಿ ಗುರುತು ಹಾಕಿದೆ. ಇನ್ನೇನೂ ಉಳಿದಿಲ್ಲ ಅಂದುಕೊಂಡೆ.

ಹೊರಡುವ ಬೆಳಿಗ್ಗೆ ಗೌಡರಿಗೆ ಗಾಡಿಯ ಪಾಠವನ್ನೆಲ್ಲ ಹೇಳಿ, ಗ್ಯಾಸಿನ ವಾಲ್ವ್ ತೆರೆದುಕೊಟ್ಟು, ಆಫೀಸಿಗೆ ಬಂದೆ. ಗಾಡಿ ನಮ್ಮ ಕಂಪನಿಯ ಯಾರ್ಡಿನಲ್ಲಿ ನಿಂತಿರುವಾಗ ಆ ವಾಲ್ವ್ ಮುಚ್ಚಿಯೇ ಇರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಸಹಿ ಹಾಕಿಸಲು ಮತ್ತೆ ಹೋದರೆ, ಗಾಡಿಯ ಮೆಟ್ಟಿಲ ಮುಂದೆ ರಂಗೋಲಿ. ಗಂಡ ಹೆಂಡತಿ ಇಬ್ಬರೂ ಗಾಡಿಯ ಮುಂದೆ ನಿಂತು ಚಕ್ರಕ್ಕೆ ಆರತಿ ಎತ್ತುತ್ತಿದ್ದಾರೆ. ಇದು ನಮ್ಮವರು ಹೊಸ ಕಾರಿಗೂ ಮಾಡುವುದೇ, ಇರಲಿ ಎಂದು ಬಾಗಿಲು ತೆರೆದೆ. ಗ್ಯಾಸಿನ ವಾಸನೆ ಮುಖಕ್ಕೆ ರಪ್ಪೆಂದು ಹೊಡೆಯಿತು. ಒಲೆಯ ಮೇಲೆ ಒಂದು ಪುಟ್ಟ ಸ್ಟೀಲ್ ಪಾತ್ರೆ. ಹಾಲು ಉಕ್ಕಿ, ಬರ್ನರ್ ಮೇಲೆ ಹರಿದು, ಬೆಂಕಿ ಆರಿಹೋಗಿದೆ. ಗ್ಯಾಸ್ ಮಾತ್ರ ಹಾಗೇ ಬರುತ್ತಿದೆ.

ಒಲೆ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದು ಹೊರಗೆ ಬಂದವಳೇ ಇಬ್ಬರನ್ನೂ ಬಯ್ದೆ. ಬಾಡಿಗೆ ಗಾಡಿಗೆ ಯಾರಾದರೂ ಗೃಹಪ್ರವೇಶ ಮಾಡುತ್ತಾರೆಯೇ ಎಂದು ಕೇಳಿದೆ. ಗೌಡರು ತಲೆ ತಗ್ಗಿಸಿದರು. ಸುಶೀಲಮ್ಮ ಮಾತ್ರ, “ಮನೆ ಅಂದ್ಮೇಲೆ ಹಾಲು ಉಕ್ಕಿಸ್ದೆ ಹೆಂಗಮ್ಮಾ ಮಲಗೋದು?” ಅಂದರು. ನನಗೆ ಕೋಪ ಇನ್ನೂ ಏರಿತು.

ಬಯ್ದು ಮುಗಿಸಿ, ಗಾಳಿಯಾಡಲಿ ಎಂದು ಹೊರಗೇ ನಿಂತೆವು. ಸ್ವಲ್ಪ ಹೊತ್ತು ಬಿಟ್ಟು ಸುಶೀಲಮ್ಮ ಪಾತ್ರೆ ತರಲು ಒಳಗೆ ಹೋದವರು ಬಾಗಿಲಲ್ಲೇ ನಿಂತರು. “ಒಲೆ ಆರ್ಸಿ ಇಷ್ಟೊತ್ತಾಯ್ತು. ಇನ್ನೂ ವಾಸನೆ ಬತ್ತದಲ್ಲಾ,” ಅಂದರು. ಅದು ಹೋಗಲು ಹೊತ್ತು ಬೇಕು, ನಿಮಗೆ ಹಾಗೆ ಅನ್ನಿಸುತ್ತಿದೆ ಅಷ್ಟೇ ಎಂದೆ. ಆಯಮ್ಮ ಒಪ್ಪಲಿಲ್ಲ. ವಾಸನೆ ಹಿಂದಿನಿಂದ, ಮಂಚದ ಕಡೆಯಿಂದ ಬರುತ್ತಿದೆ ಎಂದು ಪಟ್ಟು ಹಿಡಿದರು. ಆಗ ನನಗೆ ಇನ್ನೊಂದು ವಿಷಯ ತಟ್ಟನೆ ಹೊಳೆಯಿತು. ಅಷ್ಟು ಗ್ಯಾಸ್ ತುಂಬಿದರೂ ಗಾಡಿಯೊಳಗಿನ ಗ್ಯಾಸ್ ಡಿಟೆಕ್ಟರಿನ ಅಲಾರಂ ಯಾಕೆ ಕೂಗಲಿಲ್ಲ?

ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೆ ಇಳಿದು ಕೂರುತ್ತದೆ. ಅದಕ್ಕೇ ಗ್ಯಾಸ್ ಡಿಟೆಕ್ಟರನ್ನು ನೆಲದ ಹತ್ತಿರ ಹಾಕಿರುತ್ತಾರೆ. ನಮ್ಮ ಗಾಡಿಯದು ಹಸಿರು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತ್ತು. ನಮ್ಮ ಮೆಕ್ಯಾನಿಕ್ ಹೆಕ್ಟರ್ ಬಂದು ಟೆಸ್ಟ್ ಬಟನ್ ಒತ್ತಿದ. ಕಿವಿ ಹರಿಯುವ ಹಾಗೆ ಕೂಗಿತು. ಬೆಳಿಗ್ಗೆ ಗಾಡಿಯ ಪಾಠ ಹೇಳುವಾಗ ನಾನು ಒತ್ತಿದಾಗಲೂ ಹಾಗೇ ಕೂಗಿತ್ತು. ಆ ಬಟನ್ನಿನಿಂದ ಅದಕ್ಕೆ ಗಂಟಲಿದೆ ಎಂದು ಗೊತ್ತಾಗುತ್ತದೆ, ಮೂಗಿದೆ ಎಂದಲ್ಲ. ಒಳಗಿನ ಸೆನ್ಸರ್ ಸತ್ತುಹೋಗಿತ್ತು. ಆಮೇಲೆ ಹೆಕ್ಟರ್ ಸೋಪಿನ ನೀರು ಕಲಸಿ, ಮಂಚದ ಕೆಳಗಿನ ಫರ್ನೇಸಿನ ಪೈಪ್ ಜಾಯಿಂಟಿಗೆ ಬಳಿದ. ನೋಡನೋಡುತ್ತಲೇ ಅಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು.

ಹಾಗೇ ಹೊರಟುಬಿಟ್ಟಿದ್ದರೆ, ಬಿಷಪ್ಪಿನಲ್ಲಿ ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿ, ಅದೇ ಮಂಚದ ಮೇಲೆ, ಮೆಷೀನಿಗೆ ಕಟ್ಟಿಹಾಕಿಕೊಂಡು ಆಯಮ್ಮ ಮಲಗಿರುತ್ತಿದ್ದರು. ರಂಗೋಲಿ ತುಳಿದದ್ದೂ ಗೊತ್ತಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಗೌಡರು ಹೆದರಿದ್ದರು, ತಪ್ಪೇನಿಲ್ಲ. ಬಿಡೇ, ಮನೆಗೆ ಹೋಗೋಣ ಅಂದರು. ಸುಶೀಲಮ್ಮ ವಾದ ಮಾಡಲಿಲ್ಲ. ಅಟ್ಟದಿಂದ ಚೀಲಗಳನ್ನು ಇಳಿಸಲು ಕೈ ಚಾಚಿದರು. ಈ ಸಲ ವಾಪಸ್ ಹೋದರೆ ಅವರು ಇನ್ನು ಹೊರಡುವುದಿಲ್ಲ ಎಂದು ಆ ಕೈ ನೋಡಿದಾಗಲೇ ನನಗೆ ತಿಳಿಯಿತು.

ನಾನು ಹೋಗಿ ಅವರ ಕೈ ಹಿಡಿದುಕೊಂಡೆ. “ಒಂದು ದಿನ ಕೊಡಿ ಸುಶೀಲಮ್ಮ. ನಾಳೆ ನಾನೇ ಒಳಗೆ ಕೂತು ನೋಡ್ತೀನಿ. ನನಗೆ ಧೈರ್ಯ ಬಂದ್ರೆ ಮಾತ್ರ ಕೀ ಕೊಡ್ತೀನಿ,” ಎಂದೆ.

ಹೆಕ್ಟರ್ ಓಕ್ಲ್ಯಾಂಡಿಗೆ ಹೋಗಿ ಹೊಸ ಡಿಟೆಕ್ಟರ್ ತಂದ, ಪೈಪನ್ನೂ ಬದಲಾಯಿಸಿದ. ಕ್ಯಾಂಪ್‌ಗ್ರೌಂಡಿನವರಿಗೆಲ್ಲ ಫೋನು ಮಾಡಿ ಬುಕಿಂಗನ್ನು ಒಂದು ದಿನ ಮುಂದಕ್ಕೆ ಹಾಕಿಸಿದೆ. ಮರುದಿನ ಹೆಕ್ಟರ್ ಹೊಸ ಡಿಟೆಕ್ಟರಿನ ಮೂಗಿಗೆ ಒಂಚೂರು ಗ್ಯಾಸ್ ಹಿಡಿದ. ಅದು ಕೂಗಿದ ಕೂಗಿಗೆ ಯಾರ್ಡೆಲ್ಲ ತಿರುಗಿ ನೋಡಿತು. ಅಷ್ಟು ಇಂಪಾದ ಸದ್ದು ನಾನು ಕೇಳಿಲ್ಲ. ಆಮೇಲೆ ಕಿಟಕಿ ಮುಚ್ಚಿ, ಫರ್ನೇಸ್ ಹಚ್ಚಿಕೊಂಡು, ಊಟದ ಹೊತ್ತಿನವರೆಗೂ ಅದೇ ಮಂಚದ ಮೇಲೆ ಕೂತಿದ್ದೆ. ಬೆವರು ಬಂತು, ವಾಸನೆ ಬರಲಿಲ್ಲ. ಇಳಿದು ಬಂದು ಕೀ ಕೊಟ್ಟೆ. “ಹೋಗಿಬತ್ತೀವಿ ಕಣಮ್ಮಾ,” ಎಂದು ಸುಶೀಲಮ್ಮ ಕಿಟಕಿಯಿಂದ ಕೈ ಬೀಸಿದರು.

ಅವರು ಬಿಷಪ್ ತಲುಪಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸುಶೀಲಮ್ಮನವರ ಫೋನು ಬಂತು. ಮೆಷೀನು ಸರಿಯಾಗಿ ಓಡಿತ್ತು, ಗಾಡಿ ಬೆಚ್ಚಗಿತ್ತು. ಕಿಟಕಿಯ ಆಚೆ ಬೆಟ್ಟದ ನೆತ್ತಿ ಮೊದಲು ಗುಲಾಬಿಯಾಗಿ, ಆಮೇಲೆ ಬೆಳ್ಳಗಾಯಿತಂತೆ. ಗೌಡರಿನ್ನೂ ಗೊರಕೆ ಹೊಡೆಯುತ್ತಿದ್ದಾರೆ, ಇದನ್ನು ಯಾರಿಗಾದರೂ ಹೇಳದೆ ಇರಲಾಗಲಿಲ್ಲ ಎಂದರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಗಾಡಿ ವಾಪಸ್ ತಂದ ದಿನ ಸುಶೀಲಮ್ಮ ನನಗೆ ಮತ್ತೆ ಮತ್ತೆ ಥ್ಯಾಂಕ್ಸ್ ಹೇಳಿದರು. ಥ್ಯಾಂಕ್ಸ್ ಹೇಳಬೇಕಾದವಳು ನಾನು ಎಂದೆ. ಅವರ ಹಾಲಿಗೆ, ಅವರ ಮೂಗಿಗೆ, ನಾನು ಬಯ್ದರೂ ಬಿಡದ ಅವರ ಹಟಕ್ಕೆ ನಾನು ಇವತ್ತಿಗೂ ಋಣಿ.

ನಮ್ಮಲ್ಲಿ ಹೊರಡುವವರು ಬರೀ ‘ಹೋಗ್ತೀನಿ’ ಅಂದರೆ ದೊಡ್ಡವರು ಗದರುತ್ತಾರೆ, ‘ಹೋಗಿಬರ್ತೀನಿ’ ಅನ್ನಬೇಕು. ಚಿಕ್ಕಂದಿನಿಂದ ಕೇಳಿದ ಮಾತೇ ಆದರೂ, ಅದರ ಎರಡನೇ ಅರ್ಧದ ತೂಕ ನನಗೆ ತಿಳಿದದ್ದು ಆ ಯಾರ್ಡಿನಲ್ಲಿ. ಹೋಗುವುದರ ಬಗ್ಗೆ ಗಿರಾಕಿಗಳು ಎಷ್ಟೋ ವರ್ಷ ಕನಸು ಕಂಡಿರುತ್ತಾರೆ, ಅಲ್ಲಿ ನನ್ನದೇನೂ ಇಲ್ಲ. ಅವರು ಸುಖವಾಗಿ ತಿರುಗಿ ಬರುವ ಹಾಗೆ ಮಾಡುವುದೇ ನನ್ನ ಕೆಲಸ. ಆಮೇಲೆ ನಾನು ಯಾರಿಗೂ ಕೀ ಕೊಟ್ಟ ಕೂಡಲೇ ಆಫೀಸಿಗೆ ತಿರುಗಲಿಲ್ಲ. ಅವರು ‘ಹೋಗಿಬರ್ತೀನಿ’ ಅನ್ನುವ ಮಾತನ್ನು ತಮ್ಮ ತಮ್ಮ ಭಾಷೆಯಲ್ಲಿ ಹೇಳುವವರೆಗೆ ಗಾಡಿಯ ಪಕ್ಕದಲ್ಲೇ ನಿಂತಿರುತ್ತಿದ್ದೆ.