ಅಪ್ಪನ ಸೊಂಟಕ್ಕೆ ಇಟ್ಟ ಕಾಲು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಸೊಂಟದ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬುತ್ತಾರೆ. ಹೊಸನಗರದ ನಮ್ಮ ಬೀದಿಯಲ್ಲಿ ಯಾರ ಸೊಂಟ ಹಿಡಿದುಕೊಂಡರೂ ಸೀದಾ ನಮ್ಮ ಮನೆಗೆ ಬರುತ್ತಿದ್ದರು. ಅವರನ್ನು ಬೋರಲು ಮಲಗಿಸಿ, ಎಡಗಾಲಿನ ಹಿಮ್ಮಡಿಯನ್ನು ಮೂರು ಸಲ ಭಾರ ಬಿಟ್ಟು ಒತ್ತಬೇಕು. ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರಾದ ಮೇಲೂ ಈ ಕೆಲಸ ನನಗೆ ತಪ್ಪಲಿಲ್ಲ. ಬೈದುಕೊಂಡೇ ಒತ್ತುತ್ತಿದ್ದೆ. ಅವರು ಎದ್ದು, 'ಹಗುರ ಆಯ್ತು ಕಣೇ' ಎಂದಾಗ ಒಳಗೊಳಗೇ ಉಬ್ಬುತ್ತಲೂ ಇದ್ದೆ. ಸುಳ್ಳು ಯಾಕೆ ಹೇಳಲಿ.

ಅಪ್ಪ ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಅರವತ್ತು ದಾಟಿದರೂ ಸ್ಟೇರಿಂಗ್ ಬಿಟ್ಟಿರಲಿಲ್ಲ. ಸೊಂಟನೋವು ಶುರುವಾದಾಗ, 'ಡ್ರೈವರಂಗೆ ಸೊಂಟ ನೋಯ್ದೆ ಮೂಗು ನೋಯ್ತದಾ?' ಎಂದು ನಕ್ಕುಬಿಟ್ಟ. ಮೂತ್ರ ಸರಿಯಾಗಿ ಹೋಗದೆ ವರ್ಷದಿಂದ ಒದ್ದಾಡುತ್ತಿದ್ದ. ಅದನ್ನೂ ದಾರಿಯುದ್ದಕ್ಕೂ ತಡೆದುಕೊಂಡು ಕೂರುವ ಕೆಲಸದ ತಲೆಗೆ ಕಟ್ಟಿದ. ನಾನೂ ಒಪ್ಪಿಕೊಂಡೆ.

ಒಂದು ಭಾನುವಾರ ಅಮ್ಮ ಮೇಳಿಗೆ ಊರಿನ ತನ್ನ ತಂಗಿಯ ಮನೆಗೆ ಹೋಗಿದ್ದಳು. ಬೆಳಗಿನ ಟ್ರಿಪ್ ಮುಗಿಸಿ ಬಂದ ಅಪ್ಪ ಚಾಪೆಯ ಮೇಲೆ ಬೋರಲು ಬಿದ್ದುಕೊಂಡ.

'ಊರೋರಿಗೆಲ್ಲ ಒದಿತೀಯ, ನಂಗೊಂದು ಒದಿಯಕ್ಕೆ ಎಂತ ದಾಡಿ ನಿಂಗೆ?'

'ಅಪ್ಪಂಗೆ ಕಾಲು ತಾಗಿಸಿದ್ರೆ ಪಾಪ ಬರ್ತದೆ. ಡಾಕ್ಟ್ರ ಹತ್ರ ಹೋಗಣ ನಡಿ.'

'ಪಾಪ ಬಂದ್ರೆ ನಂಗೇ ಬರ್ಲಿ ಮಾರಾಯ್ತಿ. ತಡಿಯಕ್ಕಾಗಲ್ಲ.'

ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಮ್ಮಡಿ ಇಟ್ಟೆ. ಮೂರನೆಯ ಸಲಕ್ಕೆ ಕಾಲಡಿಯಲ್ಲಿ ಏನೋ ಲಟಕ್ಕೆಂದಿತು. ಅಪ್ಪ ಕೂಗಲಿಲ್ಲ, ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಏಳಲು ನೋಡಿದ. ಕಾಲುಗಳು ಅಲುಗಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ, ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ನೋಡಿ ಹೇಳಿದರು. ಕ್ಯಾನ್ಸರ್ ಹುಟ್ಟಿದ್ದು ಪ್ರಾಸ್ಟೇಟ್ ಗ್ರಂಥಿಯಲ್ಲಿ. ರಕ್ತದ ಜೊತೆ ಹೋಗಿ ಬೆನ್ನುಮೂಳೆ, ಸೊಂಟದ ಮೂಳೆಯಲ್ಲಿ ಕೂತು ಬೆಳೆದಿತ್ತು. ಎಕ್ಸ್‌ರೇಯಲ್ಲಿ ಆ ಜಾಗ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

'ಬೆಳ್ಳಗಿದೆ ಅಂದ್ರೆ ಗಟ್ಟಿ ಇದೆ ಅಂತಲ್ವಾ ಸಾರ್?' ಎಂದೆ. ಮಕ್ಕಳಿಗೆ ಹಾಗೇ ಪಾಠ ಮಾಡಿದವಳು ನಾನು.

'ಅಲ್ಲಮ್ಮ. ಕ್ಯಾನ್ಸರ್ ಸೇರಿದ ಮೂಳೆ ಅಡ್ಡಾದಿಡ್ಡಿ ಬೆಳೀತದೆ. ನೋಡಕ್ಕೆ ದಪ್ಪ, ಒಳಗೆ ಬಲ ಇರಲ್ಲ. ಒಂದು ಮೂಳೆ ಕುಸಿದು ಬೆನ್ನುಹುರಿನ ಒತ್ತಿಬಿಟ್ಟಿದೆ. ಎಲ್ಲಾದ್ರೂ ಬಿದ್ರಾ?'

ನಾನು ಬಾಯಿ ತೆರೆಯುವ ಮೊದಲೇ ಸ್ಟ್ರೆಚರಿನಿಂದ ಅಪ್ಪ, 'ಹೌದು ಸಾರ್, ಬಸ್ಸಿನ ಮೆಟ್ಲಿಂದ ಜಾರಿದೆ' ಅಂದ. ಸಂಜೆ ಓಡೋಡಿ ಬಂದ ಅಮ್ಮನಿಗೂ ಅದನ್ನೇ ಹೇಳಿದ.

ರೇಡಿಯೇಷನ್ ಆಯಿತು, ಹಾರ್ಮೋನಿನ ಇಂಜೆಕ್ಷನ್ ಆಯಿತು. ನೋವು ಸ್ವಲ್ಪ ತಗ್ಗಿತು, ಕಾಲು ಮಾತ್ರ ವಾಪಸು ಬರಲಿಲ್ಲ. ಅಂಥ ಮೂಳೆ ಒಂದು ಕೊಡ ನೀರೆತ್ತಿದರೂ ಕುಸಿಯಬಹುದು ಎಂದು ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಅವರು ಹೇಳಿದ್ದು ಸರಿ. ಆದರೆ ಅಪ್ಪ ಎತ್ತಿದ್ದು ಕೊಡವಲ್ಲವಲ್ಲ.

ನೋಡಲು ಬಂದವರಿಗೆಲ್ಲ ಅಪ್ಪ ಆ ಸುಳ್ಳನ್ನು ಒಗ್ಗರಣೆ ಹಾಕಿ ಹೇಳುತ್ತಿದ್ದ. ಮಳೆ, ಸವೆದ ಚಪ್ಪಲಿ, ಕೈ ಹಿಡಿಯಲು ಬಂದ ಕಂಡಕ್ಟರ್, ಎಲ್ಲ ಸೇರಿಕೊಂಡವು. ಸೊಂಟ ಹಿಡಿದುಕೊಂಡು ಬಂದವರನ್ನು ನಾನು ಬಾಗಿಲಿನಿಂದಲೇ ಅಟ್ಟುತ್ತಿದ್ದೆ. ಅವನ ಬೆನ್ನು ಒರೆಸುವಾಗ ಎಷ್ಟೋ ಸಲ ಬಾಯಿ ತೆರೆದೆ.

'ಅಪ್ಪಾ, ಅವತ್ತು ನಾನು...'

'ಅವತ್ತು ಮೆಟ್ಲು ಜಾರ್ತಿತ್ತು ಮಗಾ' ಎಂದು ಮಾತು ತುಂಡು ಮಾಡಿಬಿಡುತ್ತಿದ್ದ. ಒಮ್ಮೆಯಾದರೂ ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅದಕ್ಕೂ ಬಿಡಲಿಲ್ಲ. ಒಂದೂವರೆ ವರ್ಷ ಮಲಗಿದ್ದು ಹೋಗಿಬಿಟ್ಟ.

ಮೊನ್ನೆ ವರ್ಷಾಂತಿಕಕ್ಕೆ ಬಂದ ನೆಂಟರೊಬ್ಬರು, ಅಪ್ಪ ಹಾಸಿಗೆ ಹಿಡಿದದ್ದು ಹೇಗೆಂದು ಕೇಳಿದರು. ಅಮ್ಮ ಆ ಹಾಳು ಬಸ್ಸಿಗೂ ಅದರ ಮೆಟ್ಟಿಲಿಗೂ ಶಾಪ ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡು, 'ಅಲ್ಲನೇ?' ಎಂದು ನನ್ನ ಕಡೆ ತಿರುಗಿದಳು.

'ಹೌದಮ್ಮ' ಎಂದೆ.