ಗ್ಯಾಲರಿ ತುಂಬಿಸುವ ಲೈಬ್ರರಿ ಮೇಡಂ

ಲೈಬ್ರರಿ ಮೇಡಂ ಹಗಲೆಲ್ಲ ತುಟಿಯ ಮೇಲೆ ಬೆರಳಿಟ್ಟು ಇಡೀ ಕಾಲೇಜನ್ನು ಸುಮ್ಮನಾಗಿಸುವವರು; ಅವರೆದುರು ಜೋರಾಗಿ ಪುಟ ತಿರುಗಿಸಲೂ ಯಾರಿಗೂ ಧೈರ್ಯ ಸಾಲದು. ಸಂಜೆ ವಾಲಿಬಾಲ್ ಪಂದ್ಯವಿದ್ದರೆ ಮಾತ್ರ, ಬೆಳಗಿನಿಂದ ಕೂಡಿಟ್ಟ ಗಂಟಲನ್ನೆಲ್ಲ ಮೈದಾನದಲ್ಲಿ ಖರ್ಚು ಮಾಡಿಬಿಡುತ್ತಾರೆ. ನಮ್ಮ ಕಾಲೇಜಿನವರು ಹೊಡೆದ ಚೆಂಡು ಗೆರೆಯಾಚೆ ಬಿದ್ದರೆ ಗೆರೆ ಎಳೆದವನದೇ ತಪ್ಪು, ಸೋತರೆ ಗಾಳಿಯದು. "ಗೆಲ್ಲದ ಟೀಮಿಗೆ ಯಾಕಿಷ್ಟು ಕೂಗ್ತೀರಿ?" ಎಂದು ಪ್ರಿನ್ಸಿಪಾಲರು ಕೇಳಿದರೆ, "ಗೆದ್ದೋರಿಗೆ ಕೂಗೋಕೆ ಊರೇ ಇದೆ ಸಾರ್" ಎನ್ನುತ್ತಾರೆ. ಹುಡುಗರ ಪಂದ್ಯಕ್ಕೆ ನೂಕುನುಗ್ಗಲು. ಹುಡುಗಿಯರ ಪಂದ್ಯಕ್ಕೆ ಗ್ಯಾಲರಿಯಲ್ಲಿ ಅವರೊಬ್ಬರೇ. ಅದಕ್ಕೇ ಒಂದು ಮೂಲೆಯಲ್ಲಿ ಕೂಗಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿ, ಇನ್ನೊಂದು ಮೂಲೆಯಿಂದ ಬೇರೆಯದೇ ದನಿಯಲ್ಲಿ ಕೂಗುತ್ತಾರೆ. ಮೊನ್ನೆ ಸೋಲುತ್ತಿದ್ದ ಟೀಮಿನ ಕ್ಯಾಪ್ಟನ್ ಹುಡುಗಿ, "ಮಂಡಿ ನೋವಿದೆಯಲ್ಲ ಮೇಡಂ, ಒಂದು ಕಡೆ ಕೂತ್ಕೊಳ್ಳಿ" ಎಂದಾಗ ಏದುಸಿರು ಬಿಡುತ್ತಲೇ ಗದರಿದರು: "ನೀನು ಆಟ ನೋಡ್ಕೋ! ಇದೇ ಮೈದಾನದಲ್ಲಿ ನಾನು ಆಡ್ತಿದ್ದಾಗ ಪ್ರತಿ ಸಲ ಖಾಲಿ ಗ್ಯಾಲರಿ ಮುಂದೆ ಸೋತಿದ್ದೀನಿ. ನೀವು ಸೋತ್ರೂ ತುಂಬಿದ ಗ್ಯಾಲರಿ ಮುಂದೇನೇ ಸೋಲ್ಬೇಕು. ಹೋಗಿ, ಆಡ್ರೇ!"